ರೆಕ್ಕೆಯ ಆಚೆ ಬದಿ

ಸೂಜಿ ಆಚೆಯಿಂದ ತಿರುಗಿ ಬರುವುದು ಒಂದು ಗಳಿಗೆ ತಡವಾದರೂ ತನ್ನಿಂದಲೇ ಏನೋ ತಪ್ಪಾಗಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ವಿಮಾನದ ರೆಕ್ಕೆಯನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದ್ದರು. ಈಚೆ ಅವಳು, ಆಚೆ ಬಡಗಿ ಮಾಮ. ನಡುವೆ ಹೊಸದಾಗಿ ಎಳೆದು ಹಾಸಿದ ಬಟ್ಟೆ, ಬಟ್ಟೆಯೊಳಗೆ ಮರದ ತೆಳ್ಳನೆಯ ಪಕ್ಕೆಲುಬುಗಳು, ಆಮೇಲೆ ಮತ್ತೆ ಬಟ್ಟೆ. ಒಂದಡಿ ಉದ್ದದ ಸೂಜಿಯನ್ನು ಅವಳು ಪಕ್ಕೆಲುಬಿನ ಒಂದು ಮಗ್ಗುಲಿಗೆ ತಾಗಿಸಿ ನೂಕಬೇಕು, ಮಾಮ ಅದನ್ನು ಆಚೆ ಎಳೆದುಕೊಂಡು ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ನೂಕಬೇಕು. ಬಂದದ್ದನ್ನು ಎಳೆದು ಗಂಟು ಹಾಕಿ, ನಾಲ್ಕು ಬೆರಳು ಬಿಟ್ಟು, ಮತ್ತೆ ನೂಕುವುದು. ಇಬ್ಬರು ಬೇಕಾದ ಕೆಲಸ, ಆದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದ ಕೆಲಸ. ಎದುರಿಗೆ ಮುಖವಿದ್ದರೆ ಒಣಗಿಹೋಗುವ ಅವಳ ಬಾಯಿ, ನಡುವೆ ಬಟ್ಟೆಯೊಂದಿದ್ದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಮಾಮನ ಸೊಸೆಯ ಸಿಟ್ಟು, ಬಸ್ಸಿನ ಕಂಡಕ್ಟರನ ಕೆಮ್ಮು, ಮಳೆ ಬರುತ್ತದೋ ಇಲ್ಲವೋ, ಎಲ್ಲವನ್ನೂ ಅವಳು ಈ ಬಟ್ಟೆಯ ಮೂಲಕ ಮಾತಾಡಿದ್ದಳು. ಒಂದನ್ನು ಬಿಟ್ಟು.

"ಮಾಮ?"

"ಇದೀನಿ ಕಣೇ ಸೂಜಿ, ಸತ್ತಿಲ್ಲ. ಕನ್ನಡಕ ಒರೆಸ್ಕೋತಿದ್ದೆ." ಸೂಜಿ ಎಂಬ ಹೆಸರು ಮಾಮನೇ ಇಟ್ಟದ್ದು. ಸದ್ದಿಲ್ಲದೆ ಬರುತ್ತಾಳೆ, ಸದ್ದಿಲ್ಲದೆ ಹೋಗುತ್ತಾಳೆ ಎಂದು. "ಬೆಳಗಿಂದ ಎರಡು ಸಲ ನನ್ನ ಬೆರಳಿಗೆ ಚುಚ್ಚಿದೀಯ. ಪರೀಕ್ಷೆ ಇರೋದು ವಿಮಾನಕ್ಕೆ, ನಿನಗಲ್ಲ."

ಅವಳು ನಗಲಿಲ್ಲ. ಪರೀಕ್ಷೆ ಎಂಬ ಮಾತು ಅವಳನ್ನು ಹಳೆಯ ತರಗತಿಗೆ ಎಳೆದೊಯ್ದಿತ್ತು. ಅವಳು ಎಂಟನೇ ತರಗತಿಯಲ್ಲಿ ನಿಂತಿದ್ದಾಳೆ, ಕರಿಹಲಗೆಯ ಮೇಲೆ ಲೆಕ್ಕ ಇದೆ, ಉತ್ತರ ಅವಳಿಗೆ ಗೊತ್ತಿದೆ, ಗಣಿತದ ಮೇಡಂ ಕಾಯುತ್ತಿದ್ದಾರೆ, ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಸೇದಿಕೊಳ್ಳುತ್ತಿದ್ದಾರೆ. ಉತ್ತರ ಗಂಟಲಿನವರೆಗೆ ಬಂದು ಅಲ್ಲೇ ಕೂತಿತ್ತು. ಗಂಟೆ ಹೊಡೆಯುವವರೆಗೂ ಮೇಡಂ ಅವಳನ್ನು ಕೂರಿಸಲಿಲ್ಲ. ಮಾರನೆಯ ದಿನ ಅವಳು ಶಾಲೆಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ. ಮನೆಯಲ್ಲಿ ಯಾರೂ ಬಲವಂತ ಮಾಡಲಿಲ್ಲ ಎಂಬುದು ಆಗ ದಯೆಯ ಹಾಗೆ ಕಂಡಿತ್ತು. ಸೂಜಿ ಈಚೆ ಬಂದಿತ್ತು. ಅವಳು ಎಳೆದಳು.

ಹನ್ನೊಂದಕ್ಕೆ ಪರೀಕ್ಷಕರು ಬರುವವರಿದ್ದರು. ಆ ಹೊತ್ತಿಗೆ ಮೇಷ್ಟ್ರು ಹಳೆಯ ರನ್‌ವೇ ಪಕ್ಕದ ಆ ಶೆಡ್ಡನ್ನು ಮೂರು ಸಲ ಗುಡಿಸಿದ್ದರು. ಮೇಷ್ಟ್ರು ತಾಂತ್ರಿಕ ಶಾಲೆಯಲ್ಲಿ ಮೂವತ್ತು ವರ್ಷ ಎಂಜಿನ್ನಿನ ಪಾಠ ಹೇಳಿ ನಿವೃತ್ತರಾದವರು. ಆ ಶಾಲೆಯ ಕ್ಯಾಂಟೀನಿನ ಹಿಂದೆ, ಹರಿದ ಟಾರ್ಪಾಲಿನ ಕೆಳಗೆ, ಬೆಕ್ಕುಗಳು ಮರಿ ಹಾಕುತ್ತಿದ್ದ ಮರದ ರಾಶಿಯೊಂದನ್ನು ವಿಮಾನ ಎಂದು ಗುರುತಿಸಿದವರು ಅವರೊಬ್ಬರೇ. ಯುದ್ಧದ ಕಾಲದಲ್ಲಿ ಹೊಸ ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ವಿಮಾನ, ಮೇಲೊಂದು ಕೆಳಗೊಂದು ಜೋಡಿ ರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ಮೈತುಂಬ ಹಳದಿ. ಓಡಿಸುತ್ತಿರುವವನು ಹೊಸಬ, ದೂರ ಇರಿ ಎಂದು ಉಳಿದವರಿಗೆ ತಿಳಿಯಲಿ ಎಂದು ಈ ಬಣ್ಣ, ಅಂತ ಮೇಷ್ಟ್ರು ಹೇಳಿದ ದಿನ ಅವಳು ಬಸ್ಸಿನಲ್ಲಿ ಮನೆಗೆ ಹೋಗುವಾಗ ಮನುಷ್ಯರಿಗೂ ಹೀಗೆ ಒಂದು ಬಣ್ಣ ಇದ್ದಿದ್ದರೆ ಎಂದು ಯೋಚಿಸಿದ್ದಳು. ಯುದ್ಧ ಮುಗಿದ ಮೇಲೆ ಇಂಥ ಎರಡು ವಿಮಾನಗಳನ್ನು ಹುಡುಗರು ಬಿಚ್ಚಿ ಕಲಿಯಲಿ ಎಂದು ಶಾಲೆಗೆ ಕೊಟ್ಟಿದ್ದರು. ಒಂದರ ಸಂಖ್ಯೆ ಮೂವತ್ತೊಂದು, ಇನ್ನೊಂದರದು ಅರವತ್ತೇಳು. ಮುಂದೆ ಯಾವಾಗಲೋ ಒಂದನ್ನು ಒಡೆದು ಸೌದೆಯ ಜೊತೆ ಹಾಕಿದರು. ಯಾವುದನ್ನು ಎಂದು ಶಾಲೆಯ ಕಡತದಲ್ಲಿ ಬರೆದಿಲ್ಲ. ಸಂಖ್ಯೆ ಕೆತ್ತಿದ್ದ ಹಿತ್ತಾಳೆಯ ತಗಡನ್ನು ಯಾರೋ ಎಂದೋ ಕಿತ್ತುಕೊಂಡು ಹೋಗಿದ್ದರು. ನಾಲ್ಕು ಸ್ಕ್ರೂ ತೂತು ಮಾತ್ರ ಉಳಿದಿತ್ತು.

ಮೇಷ್ಟ್ರಿಗೆ ತಗಡು ಬೇಕಾಗಿರಲಿಲ್ಲ. ಅವರ ಜೇಬಿನಲ್ಲಿ ಅಂಗೈಯಗಲದ ನೀಲಿ ರಟ್ಟಿನ ಪುಸ್ತಕವಿತ್ತು, ಅವರ ಅಪ್ಪನ ಹಾರಾಟದ ದಿನಚರಿ. ಅದರ ಒಂಬತ್ತನೇ ಪುಟದಲ್ಲಿ, ಅಪ್ಪ ಮೊದಲ ಸಲ ಒಬ್ಬರೇ ಹಾರಿದ ದಿನ ಬರೆದ ಒಂದು ಸಾಲು: ಮೂವತ್ತೊಂದು. ಒಬ್ಬನೇ. ಹದಿನಾಲ್ಕು ನಿಮಿಷ. "ನಮ್ಮಪ್ಪ ಜೀವಮಾನದಲ್ಲಿ ನನ್ನ ಹತ್ರ ಆಡಿದ ಮಾತೆಲ್ಲ ಕೂಡಿಸಿದ್ರೂ ಇದಕ್ಕಿಂತ ಕಮ್ಮಿನೇ" ಎಂದು ಮೇಷ್ಟ್ರು ನಗುತ್ತಿದ್ದರು. ನಗುವಾಗ ಕಣ್ಣು ನಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಬಂದವರೇ ಚಪ್ಪಲಿ ಬಿಡುವುದಕ್ಕೂ ಮುಂಚೆ ವಿಮಾನದ ಮೂಗಿನ ಮೇಲೆ ಎರಡು ಸಲ ಬೆರಳಿನಿಂದ ತಟ್ಟುತ್ತಿದ್ದರು. "ಏನಪ್ಪಾ ಮೂವತ್ತೊಂದು, ಎದ್ಯಾ?"

ಒಂದೂವರೆ ವರ್ಷದಿಂದ ಪ್ರತಿ ಬೆಳಿಗ್ಗೆ ಆ ಎರಡು ತಟ್ಟು ಅವಳ ಬೆನ್ನ ಮೇಲೆ ಬೀಳುತ್ತಿದ್ದವು.

ಅವಳು ಬಂದ ಮೊದಲ ವಾರ. ಟೈಲರ್ ಅಂಗಡಿಯ ಕೆಲಸ ಬಿಟ್ಟು, ಅಲ್ಲ, ಅಂಗಡಿ ಮುಚ್ಚಿದ್ದಕ್ಕೆ ಅದೇ ಅವಳನ್ನು ಬಿಟ್ಟು, ಇಲ್ಲಿ ಬಟ್ಟೆ ಹೊಲಿಯಲು ಯಾರೋ ಬೇಕಂತೆ ಎಂದು ಅಣ್ಣ ಕರೆತಂದು ಬಿಟ್ಟಿದ್ದ. ಮೇಷ್ಟ್ರು ಬಕೆಟ್ಟು ಮತ್ತು ಬ್ರಷ್ಷು ಕೊಟ್ಟು, ಒಳಗೆಲ್ಲ ಸೋಪಿನ ನೀರಲ್ಲಿ ತೊಳಿಯಮ್ಮ, ಬೆಕ್ಕಿನ ವಾಸನೆ ಹೋಗ್ಬೇಕು ಅಂದಿದ್ದರು. ಹಿಂದಿನ ಸೀಟಿನ ಕೆಳಗಿನ ಹಲಗೆ ಎತ್ತಿದರೆ ಅದರಡಿ ಇನ್ನೊಂದು ತೆಳುಹಲಗೆ. ಮಣ್ಣು, ಕೂದಲು, ಒಣಗಿದ ಮೀನಿನ ಮುಳ್ಳು. ಬ್ರಷ್ಷು ಆಡಿಸಿದಲ್ಲಿ ಮಣ್ಣು ಕರಗಿ, ಅದರಡಿಯಿಂದ ಪೆನ್ಸಿಲಿನ ಗೆರೆ ಎದ್ದಿತು. ಅರವತ್ತೇಳು. ದಪ್ಪ ಪೆನ್ಸಿಲು, ಒತ್ತಿ ಬರೆದ ಅಂಕಿ. ಏಳರ ಸೊಂಟಕ್ಕೆ ಅಡ್ಡಗೆರೆ ಎಳೆದಿತ್ತು. ಟೈಲರ್ ಅಂಗಡಿಯಲ್ಲಿ ಅಳತೆ ಬರೆಯುವಾಗ ಒಂದು ಯಾವುದು ಏಳು ಯಾವುದು ಎಂದು ಗೊಂದಲವಾಗದಿರಲಿ ಎಂದು ಕಟಿಂಗ್ ಮಾಸ್ಟರು ಎಲ್ಲರಿಂದಲೂ ಎಳೆಸುತ್ತಿದ್ದ ಅದೇ ಗೆರೆ. ಅರವತ್ತೇಳು ಇಂಚು! ಯಾರ ಎದೆ ಸುತ್ತಳತೆಯಪ್ಪಾ ಇದು ಎಂದು ಅವಳಿಗೆ ನಗು ಬಂತು. ಊರಾಚೆಯ ಆ ಶೆಡ್ಡಿನಲ್ಲಿ ಅವಳು ನಕ್ಕ ಮೊದಲ ನಗು ಅದು. ನಗುತ್ತಿದ್ದಾಗಲೂ ಕೈ ನಿಂತಿರಲಿಲ್ಲ. ತೊಳಿ ಅಂದಿದ್ದರು, ತೊಳೆಯುತ್ತಿತ್ತು. ನಗು ಮುಗಿಯುವಷ್ಟರಲ್ಲಿ ಹಲಗೆ ಬೆಳ್ಳಗೆ ಆಗಿತ್ತು.

ತಪ್ಪು ಎಂದು ಅವಳಿಗೆ ಗೊತ್ತಾದದ್ದು ಎರಡು ವಾರದ ಮೇಲೆ. ಮಕ್ಕಳ ಗುಂಪೊಂದು ನೋಡಲು ಬಂದಿತ್ತು. ಮೇಷ್ಟ್ರು ನೀಲಿ ಪುಸ್ತಕ ಬಿಚ್ಚಿ, ಇದೇ ವಿಮಾನ ಮಕ್ಕಳೇ, ಒಂದೇ ಒಂದು ಕಡೆ ಸಂಖ್ಯೆ ಸಿಕ್ಕಿದ್ರೆ ಸಾಕಿತ್ತು, ಇಂಚಿಂಚು ಹುಡುಕಿದೀನಿ, ಎಲ್ಲೂ ಇಲ್ಲ ಎಂದರು. ಅವಳು ಮೂಲೆಯಲ್ಲಿ ನೂಲಿಗೆ ಮೇಣ ಉಜ್ಜುತ್ತಿದ್ದಳು. ಹಲಗೆಯ ಮೇಲಿದ್ದ ಅರವತ್ತೇಳು ಯಾರ ಅಳತೆಯೂ ಅಲ್ಲ, ವಿಮಾನದ ಸಂಖ್ಯೆ ಎಂದು ಆಗ ಹೊಳೆಯಿತು. ಆಗಲೇ ಹೇಳಬಹುದಿತ್ತು, ಮಕ್ಕಳಿದ್ದರು. ಮಕ್ಕಳು ಹೋದ ಮೇಲೆ ಹೇಳಬಹುದಿತ್ತು; ಮೇಷ್ಟ್ರು ಖುಷಿಯಲ್ಲಿದ್ದರು. ಮರುದಿನ ಹೇಳಬಹುದಿತ್ತು, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದರು. ಹೀಗೆ ದಿನಕ್ಕೊಂದು ಗಂಟು ಬಿದ್ದು ಈಗ ಎಷ್ಟು ಗಂಟಾಗಿದ್ದವೆಂದರೆ, ಮೊದಲನೆಯದರ ತುದಿ ಎಲ್ಲಿದೆ ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಅಳಿಸಿದ್ದು ಒಂದು ತಪ್ಪು. ಮೇಷ್ಟ್ರ ಅಪ್ಪ ಈ ಸೀಟಿನಲ್ಲಿ ಕೂತೇ ಇರಲಿಲ್ಲ ಎಂದು ಗೊತ್ತಿದ್ದೂ ದಿನಾ ಅವರ ಕೈಯಿಂದ ಚಹಾ ಇಸಿದುಕೊಂಡು ಕುಡಿದದ್ದು ಇನ್ನೊಂದು. ಎರಡನೆಯದು ದೊಡ್ಡದು. ಮನೆಯಲ್ಲಿ ಹೇಳೋಣವೆಂದರೆ ಅತ್ತಿಗೆ ಬಂದವರ ಮುಂದೆಲ್ಲ, "ನಮ್ಮ ನಾದಿನಿ ವಿಮಾನ ಹೊಲೀತಾಳೆ, ನಿಮ್ಮನೇಲಿ ಹರಿದ ವಿಮಾನ ಇದ್ರೆ ಕಳಿಸಿ" ಎಂದು ನಗಿಸುತ್ತಿದ್ದಳು. ಆ ನಗುವಿಗೆ ಇನ್ನೊಂದು ಸರಕು ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಪರೀಕ್ಷಕರು ಹನ್ನೊಂದೂವರೆಗೆ ಬಂದರು. ದೊಡ್ಡ ಸಂಗ್ರಹಾಲಯದವರು, ವಿಮಾನ ಇಲ್ಲೇ ಉಳಿಯುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು. ಕುತ್ತಿಗೆಗೆ ದಾರ ಕಟ್ಟಿ ಟಾರ್ಚು ನೇತು ಹಾಕಿಕೊಂಡಿದ್ದರು. ಚಹಾ ಬೇಡ ಅಂದರು, ಕುರ್ಚಿ ಬೇಡ ಅಂದರು. ಮೇಷ್ಟ್ರು ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ಅವರ ಹಿಂದೆ ಹಿಂದೆ ನಡೆದರು. ಮೂವತ್ತು ವರ್ಷ ಹುಡುಗರಿಗೆ ಅಂಕ ಕೊಟ್ಟವರು ಈಗ ಹುಡುಗನ ಹಾಗೆ ಕಂಡರು. ಅವಳಿಗೆ ಅದನ್ನು ನೋಡಲಾಗಲಿಲ್ಲ. ಆದರೆ ನೋಡುವುದೇ ಅವಳ ಸ್ವಭಾವ, ನೋಡಿದಳು.

"ಈ ಹುಡುಗಿ ಯಾರು?"

"ಬಟ್ಟೆ ಕೆಲಸ ಎಲ್ಲ ಅವಳ್ದೇ ಸರ್."

"ಟ್ರೇನಿಂಗ್ ಆಗಿದೆಯಾ? ಏನು ಓದಿದೀಯಮ್ಮ?"

"ಎಂಟು" ಎಂದಳು. ಆಮೇಲೆ, ಅದೂ ಸುಳ್ಳಾಗುತ್ತದೆ ಎಂದು, "ಪೂರ್ತಿ ಇಲ್ಲ" ಎಂದಳು.

"ಈ ರೆಕ್ಕೆನೂ ಅಷ್ಟೇ ಓದಿರೋದು ಸರ್, ಅದಕ್ಕೇ ಇಬ್ರಿಗೂ ಹೊಂದ್ಕೊಂಡಿದೆ" ಎಂದು ಬಡಗಿ ಮಾಮ ರೆಕ್ಕೆಯಾಚೆಯಿಂದ ಕೂಗಿದರು. ಪರೀಕ್ಷಕರು ನಗಲಿಲ್ಲ. ಅವಳ ಕಿವಿ ಬಿಸಿಯಾಯಿತು. ಮಾಮ ಕಾಪಾಡಲು ಹೊರಟಾಗಲೆಲ್ಲ ಅವಳು ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತಿದ್ದಳು.

ಒಂದು ಗಂಟೆ ಕಾಲ ಅವರು ಬೆಳಕು ಬಿಟ್ಟು ನೋಡಿದರು, ಉಗುರಿನಿಂದ ಬಣ್ಣ ಕೆರೆದರು, ಬರೆದುಕೊಂಡರು. ಆಮೇಲೆ ಟಾರ್ಚು ಆರಿಸಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು. "ಮೇಷ್ಟ್ರೇ, ನೀವು ಪಟ್ಟ ಕಷ್ಟ ಗೊತ್ತು. ಆದ್ರೆ ಇದು ಒಂದು ವಿಮಾನ ಅಲ್ಲ. ರೆಕ್ಕೆಯ ಕಬ್ಬಿಣಕ್ಕೆ ಬೂದು ಬಣ್ಣ, ಬಾಲದ ಕಬ್ಬಿಣಕ್ಕೆ ಹಸಿರು. ಹುಡುಗರು ಬಿಚ್ಚಿ ಬಿಚ್ಚಿ ಎರಡನ್ನೂ ಕಲಸಿಬಿಟ್ಟಿದಾರೆ. ನಾನು ಇದನ್ನ ಬಿಡಿಭಾಗ ಅಂತಲೇ ಬರೀಬೇಕಾಗುತ್ತೆ. ನಮ್ಮಲ್ಲಿ ಅರ್ಧ ಆಗಿರೋದು ಒಂದಿದೆ, ಅದಕ್ಕೆ ಉಪಯೋಗ ಆಗುತ್ತೆ. ಮುಂದಿನ ತಿಂಗಳು ಲಾರಿ ಕಳಿಸ್ತೀವಿ."

ಮೇಷ್ಟ್ರ ಕೈ ಜೇಬಿನ ಮೇಲೆ ಹೋಗಿ ನೀಲಿ ಪುಸ್ತಕವನ್ನು ಅಂಗಿಯ ಮೇಲಿನಿಂದಲೇ ಒತ್ತಿ ಹಿಡಿಯಿತು. ಲಾರಿ, ಮುಂದಿನ ತಿಂಗಳು. ಶೆಡ್ಡಿಗೆ ಬೀಗ. ಅವಳಿಗೆ ಮತ್ತೆ ಅಣ್ಣನ ಮನೆಯ ಅಡುಗೆಮನೆಯ ಬಾಗಿಲ ಸಂದು, ಅಲ್ಲಿಂದ ಕಾಣುವ ಪಡಸಾಲೆಯ ಅರ್ಧ ಟಿ.ವಿ. ಅವಳು ಯೋಚಿಸಲಿಲ್ಲ. ಮೇಜಿನಡಿಗೆ ಬಗ್ಗಿ, ಅಲ್ಲಿಟ್ಟಿದ್ದ ದಿಂಬಿನ ಚೀಲವನ್ನು ಎಳೆದು, ಮೇಜಿನ ಮೇಲೆ ಸುರಿದಳು. ರೆಕ್ಕೆಯಿಂದಲೂ ಬಾಲದಿಂದಲೂ ಬಿಚ್ಚಿದ ಹಳೆಯ ಬಟ್ಟೆಯ ಪಟ್ಟಿಗಳು. ಸುಟ್ಟುಬಿಡು ಅಂದಿದ್ದರು, ಬಟ್ಟೆಯನ್ನು ಸುಡುವುದು ಅವಳ ಕೈಯಲ್ಲಾಗಿರಲಿಲ್ಲ. ಯಾವುದು ಎಲ್ಲಿಯದೆಂದು ಪ್ರತಿಯೊಂದಕ್ಕೂ ದಾರದಲ್ಲಿ ಗುರುತು ಹಾಕಿಟ್ಟಿದ್ದಳು.

"ಗಂಟು" ಎಂದಳು.

"ಏನು ಗಂಟು?"

ಬಾಯಿ ನಿಂತಿತು. ಕೈ ನಿಲ್ಲಲಿಲ್ಲ. ಒಂದು ತುಂಡು ನೂಲು ತೆಗೆದುಕೊಂಡು ತನ್ನ ರೀತಿಯ ಗಂಟು ಹಾಕಿ ತೋರಿಸಿದಳು; ತುದಿ ಬಲಕ್ಕೆ ಬಿತ್ತು. ಹಳೆಯ ಪಟ್ಟಿಯ ಗಂಟು ತೋರಿಸಿದಳು, ತುದಿ ಎಡಕ್ಕೆ. ರೆಕ್ಕೆಯದು ಎಡಕ್ಕೆ. ಬಾಲದ್ದೂ ಎಡಕ್ಕೆ. ನೂರಾರು ಗಂಟು, ಎಲ್ಲವೂ ಎಡಕ್ಕೆ. ಬಟ್ಟೆ ಬಿಚ್ಚುತ್ತಿದ್ದ ಆ ಚಳಿಗಾಲವೆಲ್ಲ ಅವಳು ಇದನ್ನು ಎಂದೋ ಹೊಲಿದ ಈ ಎಡಗೈ ಹೆಂಗಸಿನ ಜೊತೆಯಲ್ಲೇ ಇದ್ದಳು. ಆಕೆ ಎಲ್ಲಿ ದಣಿದಳು, ಎಲ್ಲಿ ಗಂಟು ಸಡಿಲವಾಯಿತು, ಎಲ್ಲಿ ಯಾರೋ ಬೈದ ಮೇಲೆ ಇದ್ದಕ್ಕಿದ್ದಂತೆ ಹೊಲಿಗೆ ನೇರವಾಯಿತು, ಎಲ್ಲ ಇವಳಿಗೆ ಗೊತ್ತಿತ್ತು. ಎಡಗೈಯವಳೆಂದು ಆಕೆಗೂ ಶಾಲೆಯಲ್ಲಿ ಪೆಟ್ಟು ಬಿದ್ದಿರಬೇಕು.

"ಒಬ್ಬರೇ ಎರಡು ವಿಮಾನಕ್ಕೂ ಹೊಲಿದಿರಬಹುದಲ್ಲಮ್ಮ" ಎಂದರು ಪರೀಕ್ಷಕರು. ದನಿಯಲ್ಲಿ ಮೊದಲಿನ ಅವಸರವಿರಲಿಲ್ಲ.

ಅವಳು ಬಾಲದ ಬಟ್ಟೆಯ ಅಂಚನ್ನು ರೆಕ್ಕೆಯ ಬಟ್ಟೆಯ ಅಂಚಿಗೆ ತಂದು ಕೂಡಿಸಿದಳು. ನೇಯುವಾಗ ಎಲ್ಲೋ ಮಗ್ಗದಲ್ಲಿ ಒಂದು ಎಳೆ ಜೋಡಿಯಾಗಿ ದಪ್ಪ ಗೆರೆ ಬಿದ್ದಿತ್ತು. ಆ ಗೆರೆ ರೆಕ್ಕೆಯ ಬಟ್ಟೆಯಲ್ಲಿ ಓಡಿ ಬಂದು, ಕತ್ತರಿ ಆಡಿದ ಅಂಚನ್ನು ದಾಟಿ, ಬಾಲದ ಬಟ್ಟೆಯೊಳಗೆ ಕೂದಲೆಳೆಯಷ್ಟೂ ಜರುಗದೆ ಮುಂದಕ್ಕೆ ಹೋಯಿತು. "ಒಂದೇ ಥಾನಿನ ಬಟ್ಟೆ. ಪಕ್ಕಪಕ್ಕ ಕತ್ತರಿಸಿರೋದು" ಎಂದಳು. ಅವಳು ಅಷ್ಟು ಮಾತು ಆಡಿದ್ದನ್ನು ಮೇಷ್ಟ್ರು ಯಾವತ್ತೂ ಕೇಳಿರಲಿಲ್ಲ.

ಪರೀಕ್ಷಕರು ಟಾರ್ಚು ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಅಂಚನ್ನು ತಾವೇ ಬಿಡಿಸಿ ತಾವೇ ಕೂಡಿಸಿ ನೋಡಿದರು. "ಕಬ್ಬಿಣಕ್ಕೆ ಆಮೇಲೆ ಯಾರೋ ಬಣ್ಣ ಬಳಿದಿರಬಹುದು ಹಾಗಾದ್ರೆ" ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಗಟ್ಟಿಯಾಗಿ, "ಒಪ್ಪಿದೆ. ಒಂದೇ ವಿಮಾನ."

"ನಮ್ಮ ಸೂಜಿ!" ಎಂದು ಮಾಮ ಆಚೆಯಿಂದ ಬಂದೇಬಿಟ್ಟರು. ಮೇಷ್ಟ್ರ ಮುಖದ ಮೇಲೆ ಆಗ ಮೂಡಿದ ಬೆಳಕು ಅವಳ ಕಡೆಗೇ ತಿರುಗಿತ್ತು. ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಇಷ್ಟಕ್ಕೇ ಈ ದಿನ ಮುಗಿದುಹೋಗಲಿ ಎಂದು ಅವಳು ಬೇಡಿಕೊಂಡಳು.

"ಇನ್ನು ಯಾವುದು ಅನ್ನೋದು ಒಂದೇ ಉಳಿದಿರೋದು" ಎಂದರು ಪರೀಕ್ಷಕರು, ಈಗ ಕುರ್ಚಿಯ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು. "ಎದುರು ಸಾಕ್ಷಿ ಏನೂ ಇಲ್ಲ. ನಿಮ್ಮ ತಂದೆಯವರ ಪುಸ್ತಕ ಇದೆ. ಮೂವತ್ತೊಂದು ಅಂತಲೇ ಬರೀತೀನಿ, ಯಾರಿಗೇನು ನಷ್ಟ? ಅರವತ್ತೇಳನ್ನ ನಾಶವಾಗಿದೆ ಅಂತ ಹಾಕಿ ಮುಚ್ಚಿಬಿಡೋಣ."

ಅವರು ಪೆನ್ನಿನ ಮುಚ್ಚಳ ತೆಗೆದರು. ಮುಚ್ಚಳದ ಆ ಸಣ್ಣ ಸದ್ದು. ಯಾರಿಗೇನು ನಷ್ಟ? ಯಾರಿಗೂ ಇಲ್ಲ. ವಿಮಾನ ಉಳಿಯಿತು, ಶೆಡ್ಡು ಉಳಿಯಿತು, ಮೇಷ್ಟ್ರ ಅಪ್ಪನ ಹದಿನಾಲ್ಕು ನಿಮಿಷ ಉಳಿಯಿತು. ಅವಳು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ಅವಳನ್ನು ಮೀರಿಸಿದವರು ಯಾರಿದ್ದಾರೆ? ನಾಶವಾಗಿದೆ. ಶಾಲೆ ಬಿಟ್ಟ ನಾಲ್ಕು ತಿಂಗಳ ಮೇಲೆ ಯಾವುದೋ ಕಾಗದಕ್ಕೆಂದು ಅಣ್ಣನ ಜೊತೆ ಶಾಲೆಯ ಆಫೀಸಿಗೆ ಹೋಗಿದ್ದಳು. ಗುಮಾಸ್ತರು ಹಾಜರಿ ಪುಸ್ತಕ ತೆರೆದು, ಅವಳ ಹೆಸರಿನ ಮೇಲೆ ಸ್ಕೇಲು ಇಟ್ಟು, ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ನೀಟಾದ ಗೆರೆ. ಅವಳು ಮೇಜಿನ ಈಚೆಗೆ, ಎರಡು ಗೇಣು ದೂರದಲ್ಲಿ, ಉಸಿರಾಡುತ್ತ ನಿಂತಿದ್ದಳು. ಗುಮಾಸ್ತರು ತಲೆ ಎತ್ತಿ ನೋಡಿರಲಿಲ್ಲ. ಈಗ ಶೆಡ್ಡಿನ ಕಿಟಕಿಯಿಂದ ಬಿಸಿಲು ವಿಮಾನದ ಮೂಗಿನ ಮೇಲೆ ಬಿದ್ದಿತ್ತು. ದೂರ ಇರಿ, ಹೊಸಬ ಎನ್ನುವ ಹಳದಿ. ಅದು ಅಲ್ಲೇ ನಿಂತಿತ್ತು, ತನ್ನ ಹೆಸರಿನ ಮೇಲೆ ಗೆರೆ ಬೀಳುವುದನ್ನು ನೋಡುತ್ತ.

ಅವಳು ಎದ್ದು ರೆಕ್ಕೆಯ ಆಚೆ ಬದಿಗೆ ಹೋದಳು. ಮಾಮನ ಸ್ಟೂಲಿನ ಮೇಲೆ ಕೂತಳು. ಈಗ ಮುಖದ ಮುಂದೆ ಬಟ್ಟೆ ಮಾತ್ರ ಇತ್ತು.

"ಅದು ಮೂವತ್ತೊಂದಲ್ಲ" ಎಂದಳು.

ಪೆನ್ನಿನ ಸದ್ದು ನಿಂತಿತು. "ಯಾರು ಮಾತಾಡಿದ್ದು?"

"ಅರವತ್ತೇಳು. ಹಿಂದಿನ ಸೀಟಿನ ಕೆಳಗೆ ಎರಡನೇ ಹಲಗೆಲಿ ಬರೆದಿತ್ತು. ಪೆನ್ಸಿಲಲ್ಲಿ. ನಾನು ಗೊತ್ತಿಲ್ದೆ ತೊಳೆದುಬಿಟ್ಟೆ."

"ಏನೇ ಹೇಳ್ತಿದೀಯ?" ಇದು ಮಾಮನ ದನಿ.

"ಏಳಕ್ಕೆ ಸೊಂಟದಲ್ಲಿ ಗೆರೆ ಇತ್ತು. ಟೈಲರ್ ಅಂಗಡಿಲಿ ಹಾಕೋ ಹಾಗೆ. ಅರವತ್ತೇಳು ಇಂಚು ಯಾರ ಅಳತೆನಪ್ಪಾ ಅಂತ ನಗು ಬಂದಿತ್ತು. ಅದಕ್ಕೇ ಮರೆತಿಲ್ಲ." ಅವಳಿಗೆ ತನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು, ನಡುಗದೆ, ಚೊಕ್ಕವಾಗಿ, ಲೆಕ್ಕದ ಉತ್ತರ ಹೇಳುವ ಹಾಗೆ.

ಆಚೆ ಹೆಜ್ಜೆಗಳು. ಹಲಗೆ ಎತ್ತುವ ಸದ್ದು. ಮಾಮ ಹತ್ತಿದರು, ಪರೀಕ್ಷಕರು ಹತ್ತಿದರು. ಮೇಷ್ಟ್ರ ಹೆಜ್ಜೆ ಮಾತ್ರ ಕೇಳಿಸಲಿಲ್ಲ. ಪರೀಕ್ಷಕರು ಟಾರ್ಚನ್ನು ಹಲಗೆಗೆ ಮಲಗಿಸಿದ ಹಾಗೆ ಅಡ್ಡಕ್ಕೆ ಹಿಡಿದಿರಬೇಕು. ಬಹಳ ಹೊತ್ತಾದ ಮೇಲೆ ಅವರು ಹೇಳಿದರು. "ಒತ್ತಿ ಬರೆದಿದಾರೆ. ಪೆನ್ಸಿಲು ಹೋಗಿದೆ, ಮರದಲ್ಲಿ ತಗ್ಗು ಉಳಿದಿದೆ. ಮೊದಲನೇ ಅಂಕಿ ನೀರಿಗೆ ಊದ್ಕೊಂಡುಬಿಟ್ಟಿದೆ, ಆರು ಇದ್ದ ಹಾಗಿದೆ, ಖಚಿತ ಹೇಳಕ್ಕಾಗಲ್ಲ. ಎರಡನೇದು ಏಳೇ. ಅಡ್ಡಗೆರೆ ಇದೆ. ಬನ್ನಿ ಮೇಷ್ಟ್ರೇ, ನೋಡಿ."

"ಬೇಡ ಬಿಡಿ. ನೀವು ನೋಡಿದ್ರಲ್ಲ" ಎಂದರು ಮೇಷ್ಟ್ರು.

ಪರೀಕ್ಷಕರು ಹೋಗುವ ಮೊದಲು ರೆಕ್ಕೆಯನ್ನು ಸುತ್ತಿ ಬಂದು ಅವಳ ಮುಂದೆ ನಿಂತರು. ಅರವತ್ತೇಳು ಎಂದು ಬರೆದ ಕಾಗದಕ್ಕೆ ಗುರುತು ಹೇಳಿದವರ ಸಹಿ ಬೇಕಿತ್ತು. ಸಹಿಯ ಕೆಳಗೆ ವಿದ್ಯಾರ್ಹತೆ ಎಂದು ಒಂದು ಖಾಲಿ ಜಾಗವಿತ್ತು. ಅವರು ಅದನ್ನು ಕ್ಷಣ ನೋಡಿ, ಹೊಲಿಗೆ ಎಂದು ತಾವೇ ಬರೆದರು. ಅದು ಮರ್ಯಾದೆಯೋ ಕರುಣೆಯೋ ಅವಳಿಗೆ ತಿಳಿಯಲಿಲ್ಲ. ಮೇಷ್ಟ್ರು ತಮ್ಮ ಸಹಿಯನ್ನು ಕಾಗದದ ಮೇಲೆ ಬಗ್ಗಿ, ಪರೀಕ್ಷೆಗೆ ತಡವಾದವರ ಹಾಗೆ, ಬೇಗ ಹಾಕಿ ಮುಗಿಸಿದರು.

ಮೂರೂವರೆಗೆ ಚಹಾ ಬಂತು. ಮೇಷ್ಟ್ರು ಅವಳ ಲೋಟವನ್ನು ಕೈಗೆ ಕೊಡದೆ ಮೇಜಿನ ತುದಿಯಲ್ಲಿಟ್ಟು ಹೊರಗೆ ಹೋದರು. ಅವಳು ತಣ್ಣಗಾಗುವವರೆಗೂ ಅದನ್ನು ಮುಟ್ಟಲಿಲ್ಲ. ನಾಲ್ಕೂವರೆಯ ಬಸ್ಸಿಗೆ ಹೊರಟ ಮಾಮ ಚೀಲ ಹೆಗಲಿಗೇರಿಸಿ ನಿಂತು, "ಹೇಳಿದ್ದು ತಪ್ಪು ಅನ್ನಲ್ಲ ಕಣೇ" ಎಂದರು. "ಆದ್ರೆ ಒಂದೂವರೆ ವರ್ಷ ನನ್ನ ಸೊಸೆ ಕಥೆ ಎಲ್ಲಾ ಕೇಳಿಸ್ಕೊಂಡು, ನಿನ್ನದೊಂದು ಕಥೆ ನನಗೆ ಹೇಳ್ಬಾರದಿತ್ತಾ?" ಬಾಗಿಲಿನಾಚೆ ಅವರ ಕೆಮ್ಮು ದೂರವಾಯಿತು. ಅದೊಂದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ಮಾಮನಿಗೂ ನೋವಾಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಒಂದು ಪಕ್ಕೆಲುಬಿನ ಹೊಲಿಗೆ ಅರ್ಧದಲ್ಲಿ ನಿಂತಿತ್ತು. ಹಾಗೇ ಬಿಟ್ಟು ಹೋದರೆ ಬಟ್ಟೆ ಒಂದು ಕಡೆಗೆ ಜಗ್ಗುತ್ತದೆ. ಒಬ್ಬಳೇ ಹೊಲಿಯತೊಡಗಿದಳು. ನೂಕುವುದು, ಎದ್ದು ರೆಕ್ಕೆ ಸುತ್ತಿ ಆಚೆ ಹೋಗುವುದು, ಎಳೆದು ಹಿಂದಕ್ಕೆ ನೂಕುವುದು, ಮತ್ತೆ ಸುತ್ತಿ ಈಚೆ ಬರುವುದು, ಗಂಟು. ಒಂದು ಗಂಟಿಗೆ ಇಪ್ಪತ್ತೆರಡು ಹೆಜ್ಜೆ. ಹೊರಗೆ ಕೆಲಸವಿಲ್ಲದ ರನ್‌ವೇ ಮೇಲೆ ಹುಲ್ಲು ಬಾಗುತ್ತಿತ್ತು. ಎಡಗೈ ಹೆಂಗಸಿನ ಆಚೆ ಬದಿಯಲ್ಲಿ ಯಾರು ಕೂತಿದ್ದಿರಬಹುದು? ಆ ಕೈಯ ಗುರುತು ಬಟ್ಟೆಯ ಮೇಲೆ ಎಲ್ಲೂ ಇರಲಿಲ್ಲ. ಹಿಂದಕ್ಕೆ ನೂಕುವವರದು ಯಾರದೂ ಉಳಿಯುವುದಿಲ್ಲ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಅವಳು ತಿರುಗಲಿಲ್ಲ. ಸದ್ದು ವಿಮಾನದ ಮೂಗಿನ ಬಳಿ ನಿಂತಿತು. ಎರಡು ತಟ್ಟಿಗೆ ಅವಳ ಬೆನ್ನು ತಾನಾಗಿ ಬಿಗಿಯಿತು. ತಟ್ಟು ಬೀಳಲಿಲ್ಲ. ಅದು ಬೀಳದೇ ಇದ್ದದ್ದು ಬಿದ್ದದ್ದಕ್ಕಿಂತ ಜೋರಾಗಿತ್ತು. ಅವಳು ಸೂಜಿ ನೂಕಿದಳು. ಆಚೆಗೆ ಹೋಗಬೇಕೆಂದು ಏಳುವಷ್ಟರಲ್ಲಿ ಆಚೆ ಸ್ಟೂಲು ಕಿರುಗುಟ್ಟಿತು. ರೆಕ್ಕೆಯ ಕೆಳಗಿನ ಸಂದಿನಲ್ಲಿ ಮೇಷ್ಟ್ರ ಕಂದು ಚಪ್ಪಲಿ ಕಂಡಿತು. ನೂಲು ಎಳೆಯಿತು. ಸೂಜಿ ಹಿಂದಕ್ಕೆ ಬಂತು, ಬರಬೇಕಾದಲ್ಲಿಗಲ್ಲ, ಒಂದು ಬೆರಳು ಮೇಲಕ್ಕೆ.

"ಸ್ವಲ್ಪ ಕೆಳಗೆ ಸರ್" ಎಂದಳು.

ಸೂಜಿ ಹಿಂದೆ ಸರಿದು, ತಡಕಾಡಿ, ಸರಿಯಾದಲ್ಲಿ ಬಂತು. ಅವಳು ಗಂಟು ಹಾಕಿದಳು. ನೂಕಿದಳು. ಬಂತು. ಹೀಗೆ ನಾಲ್ಕು, ಐದು.

"ಯಾವತ್ತು ನೋಡಿದ್ದು?" ಎಂದು ಬಟ್ಟೆ ಕೇಳಿತು.

"ಬಂದ ಮೊದಲ ವಾರ ಸರ್."

ನೂಲು ಆಚೆ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು.

"ದಿನಾ ನಾನು ಹಾಗೆ ಅಂತಿದ್ದಾಗ, ನೀನು ಇಲ್ಲೇ ಕೂತು ಕೇಳಿಸ್ಕೋತಿದ್ದೆ."

"ಹೂಂ ಸರ್."

"ನಗು ಬರ್ತಿತ್ತಾ?"

"ಇಲ್ಲ ಸರ್." ಇನ್ನೇನಾದರೂ ಹೇಳಬೇಕಿತ್ತು. ಹದಿನಾಲ್ಕು ನಿಮಿಷ ಎಲ್ಲೂ ಹೋಗಿಲ್ಲ ಎಂದೋ, ಇದರಲ್ಲೂ ಯಾರದೋ ಅಪ್ಪ ಮೊದಲ ಸಲ ಒಬ್ಬನೇ ಕೂತಿರಬೇಕು ಎಂದೋ. ಎಲ್ಲ ಮಾತೂ ಎಲ್ಲೋ ಕೇಳಿದ ಮಾತಿನ ಹಾಗೆ ಅನ್ನಿಸಿ ಬಾಯಿಗೆ ಬರಲಿಲ್ಲ.

ಸೂಜಿಯ ತುದಿ ಬಟ್ಟೆಯನ್ನು ತುಸು ಉಬ್ಬಿಸಿ, ತೂತು ಮಾಡಿ, ಈಚೆಗೆ ಇಣುಕಿತು. ಒಂದು ಬೆರಳು ಬಂತು, ಎರಡು ಬೆರಳು ಬಂತು. ಅರ್ಧ ಬಂದು ನಿಂತಿತು. ಅವಳು ತುದಿಯನ್ನು ಹಿಡಿದಳು. ಆಚೆಯವರು ಬಿಟ್ಟಿರಲಿಲ್ಲ; ಹಿಡಿದ ಕೈಯ ಬಿಗಿ ಉಕ್ಕಿನ ಮೂಲಕ ಅವಳ ಬೆರಳಿಗೆ ತಿಳಿಯುತ್ತಿತ್ತು. ಸಂದಿನಲ್ಲಿ ಕಂದು ಚಪ್ಪಲಿ ಅಲ್ಲಾಡದೆ ಇತ್ತು. ಅವಳು ಹಿಡಿಯಬೇಕಿದ್ದ ಐದೂವರೆಯ ಬಸ್ಸು ಹೋದದ್ದು ಕೇಳಿಸಿತು.

ಅವಳು ಎಳೆಯಲಿಲ್ಲ.